ಪಹಣಿಯ ಷರಾ: ಶಾನುಭೋಗರ ಕಡತದಿಂದ ‘ಭೂಮಿ’ಯವರೆಗೆ

ಒಂದೇ ಜಮೀನಿನ ವೃತ್ತಾಂತವು ಎರಡು ಪುಸ್ತಕಗಳಲ್ಲಿ ದಾಖಲಾಗತೊಡಗಿದ ದಿನವೇ, ಒಂದರಲ್ಲಾದ ಬದಲಾವಣೆಯನ್ನು ಇನ್ನೊಂದಕ್ಕೆ ತಿಳಿಸತಕ್ಕವರು ಯಾರು ಎಂಬ ಪ್ರಶ್ನೆಯೂ ಹುಟ್ಟಿಕೊಂಡಿತು. ಕ್ರಯಪತ್ರವು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಿ, ಖಾತೆಯು ತಾಲ್ಲೂಕು ಕಚೇರಿಯಲ್ಲಿ ಮಾರಿದವನ ಹೆಸರಿನಲ್ಲಿಯೇ ನಿಂತುಬಿಡುವುದು. ಸಾಲವು ಬ್ಯಾಂಕಿನ ಲೆಕ್ಕದಲ್ಲಿ ಚುಕ್ತಾ ಆಗಿ, ಪಹಣಿಯ ಹನ್ನೊಂದನೆಯ ಕಲಮಿನಲ್ಲಿ ಮಾತ್ರ ವರ್ಷಗಟ್ಟಲೆ ಉಳಿದುಕೊಳ್ಳುವುದು. ತಂದೆ ತೀರಿಕೊಂಡು ದಶಕ ಕಳೆದ ಮೇಲೂ ಕಂದಾಯದ ರಸೀತಿಯು ಆತನ ಹೆಸರಿಗೇ ಬರುತ್ತಿರುವುದು: ಈ ಮೂರೂ ನಮ್ಮ ಗ್ರಾಮಾಂತರ ಜೀವನದ ಚಿರಪರಿಚಿತ ಸಂಕಟಗಳಾಗಿದ್ದು, ಮೂರರ ಮೂಲವೂ ಒಂದೇ. ಬರೆಯಬೇಕಾದ ಕಡೆ ಒಂದು ಸಾಲಿನ ಷರಾ ಬರೆಯಲ್ಪಡಲಿಲ್ಲ.

ಆ ಒಂದು ಸಾಲಿನ ಷರಾಕ್ಕೂ ಒಂದು ಚರಿತ್ರೆಯಿದೆ. ಅದನ್ನು ಅವಲೋಕಿಸುವುದಕ್ಕೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯು ತಕ್ಕ ಸ್ಥಳವೆಂದು ನನಗೆ ತೋರುತ್ತದೆ. ಬಹುಕಾಲ ಕೋಲಾರ ಜಿಲ್ಲೆಯ ಅಂಗಗಳಾಗಿದ್ದು, 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸೇರಿದ ಈ ತಾಲ್ಲೂಕುಗಳು ವರ್ಷವಿಡೀ ಹರಿಯುವ ನದಿಯೊಂದನ್ನೂ ಕಾಣದ ಕೆರೆಗಳ ನಾಡು. ಕೆರೆಯ ಹಿಂದಿನ ಗದ್ದೆ, ದಿಣ್ಣೆಯ ಮೇಲಿನ ರಾಗಿಯ ಹೊಲ, ಬಾವಿಯ ಬಳಿಯ ಹಿಪ್ಪುನೇರಳೆಯ ತೋಟ ಇವೆಲ್ಲವೂ ಸಣ್ಣ ಸಣ್ಣ ಹಿಡುವಳಿಗಳು. ಒಂದೊಂದು ತಲೆಮಾರಿಗೂ ಹಿಸ್ಸೆಯಾಗಿ ಒಡೆದು ಇನ್ನಷ್ಟು ಸಣ್ಣದಾದಂಥವು. ಜಮೀನು ಕಿರಿದಾದಷ್ಟೂ ಅದರ ಕಾಗದ ಹಿರಿದಾಗುತ್ತದೆ. ಎಕರೆಗೆ ನಲವತ್ತು ಗುಂಟೆ, ಗುಂಟೆಗೆ ಹದಿನಾರು ಆಣೆ ಎಂದು ಅಳೆಯುವ ನಾಡಿನಲ್ಲಿ ಆಣೆಯೊಂದರ ಬದಲಾವಣೆಯೂ ನಾಲ್ಕಾರು ಪುಸ್ತಕಗಳನ್ನು ಮುಟ್ಟದೆ ಹೋಗುವುದಿಲ್ಲ.

ಹಳೆಯ ಕಾಲದಲ್ಲಿ ಈ ಪುಸ್ತಕಗಳೆಲ್ಲವೂ ಒಬ್ಬನ ಮನೆಯಲ್ಲಿಯೇ ಇದ್ದುವು. ಆವತಿಯ ಪ್ರಭುಗಳ ವಂಶಕ್ಕೆ ಸೇರಿದ ಪಾಳೆಯಗಾರರು ಚಿಕ್ಕಬಳ್ಳಾಪುರವನ್ನು ಆಳುತ್ತಿದ್ದಾಗಲೂ, ಅನಂತರ 1762ರ ಸುಮಾರಿನಲ್ಲಿ ಹೈದರಾಲಿಯು ಅದನ್ನು ವಶಪಡಿಸಿಕೊಂಡ ಮೇಲೂ, ಊರಿನ ಲೆಕ್ಕವು ಶಾನುಭೋಗನ ಕೈಯಲ್ಲಿಯೇ ಇದ್ದಿತು. ಪಟೇಲನು ಕಂದಾಯ ವಸೂಲಿ ಮಾಡಿಸುವವನು, ತೋಟಿ ತಳವಾರರು ಓಡಾಡುವವರು, ನೀರಗಂಟಿಯು ಕೆರೆಯ ತೂಬಿನ ಒಡೆಯ; ಇವರೆಲ್ಲರ ಕೆಲಸವೂ ಅಕ್ಷರರೂಪಕ್ಕೆ ಬರುತ್ತಿದ್ದುದು ಶಾನುಭೋಗನ ಕಡತದಲ್ಲಿ. ಆ ಕಡತವನ್ನು ಕಂಡವರು ಈಗ ವಿರಳ. ಹತ್ತಿಯ ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಿಸೆಯ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಕಲಸಿ ಎರಡೂ ಬದಿಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಮೇಲೆ ಕೆಳಗೆ ಮರದ ಹಲಗೆ ಕೊಟ್ಟು ಕಟ್ಟಿದರೆ ಅದು ಕಡತವಾಗುತ್ತಿತ್ತು; ಬಳಪದಿಂದ ಬರೆದರೆ ಕಪ್ಪು ಮೈಯ ಮೇಲೆ ಬಿಳಿಯ ಅಕ್ಷರಗಳು ಸ್ಫುಟವಾಗಿ ಮೂಡುತ್ತಿದ್ದುವು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು 1810ರಿಂದ ಪ್ರಕಟಿಸತೊಡಗಿದ ತನ್ನ ಇತಿಹಾಸಗ್ರಂಥದಲ್ಲಿ ಇದನ್ನು ವರ್ಣಿಸುವಷ್ಟು ಆಸಕ್ತಿ ತೋರಿಸಿದ್ದಾನೆ. ಒದ್ದೆ ಬಟ್ಟೆಯಿಂದ ಒರಸಿ ಅದೇ ಸ್ಥಳದಲ್ಲಿ ಮತ್ತೆ ಬರೆಯಬಹುದಾಗಿದ್ದುದು ಅದರ ಸೌಕರ್ಯ; ಹಿಂದೆ ಏನು ಬರೆದಿತ್ತೆಂಬುದಕ್ಕೆ ಕುರುಹು ಉಳಿಯದಿದ್ದುದು ಅದರ ಅಪಾಯ.

ಆದರೆ ನಮ್ಮ ಪ್ರಕೃತ ವಿಷಯಕ್ಕೆ ಮುಖ್ಯವಾದುದು ಕಡತಕ್ಕಿಂತ ಅದನ್ನು ಬಿಚ್ಚುತ್ತಿದ್ದವನ ಸ್ಮೃತಿ. ಯಾರ ಗದ್ದೆ ಯಾರಿಗೆ ಭೋಗ್ಯಕ್ಕೆ ಹೋಗಿದೆ, ಯಾವ ಹೊಲದ ಹಿಸ್ಸೆಯಲ್ಲಿ ಯಾವ ವಿಧವೆಯ ಜೀವನಾಂಶವಿದೆ, ಯಾವ ಇನಾಮಿಗೆ ಯಾವ ದೇವಸ್ಥಾನದ ಸೇವೆ ಸೇರಿಕೊಂಡಿದೆ ಎಂಬ ಸಂಬಂಧಗಳನ್ನೆಲ್ಲ ಆತನು ತಲೆಯಲ್ಲಿ ಹೊತ್ತಿದ್ದನು. ಒಂದು ಲೆಕ್ಕ ಬದಲಾದೊಡನೆ ಅದಕ್ಕೆ ಹೊಂದಿಕೊಂಡ ಇನ್ನೆರಡು ಲೆಕ್ಕಗಳು ತಾವಾಗಿಯೇ ಆತನ ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದುವು. “ಸ್ವಾಮಿ, ನಮ್ಮ ಹೊಲದ ವಿಚಾರ ಕಡತಕ್ಕೆ ಏರಿತೇ?” ಎಂದು ಜಗಲಿಯ ಕೆಳಗೆ ನಿಂತು ಕೇಳಿದ ರೈತನಿಗೆ “ಏರಿತಪ್ಪ, ನಿನ್ನ ಅಣ್ಣನ ಬಾಬಿನಲ್ಲೂ ಷರಾ ಹಾಕಿದ್ದೇನೆ” ಎಂಬ ಉತ್ತರ ಸಿಕ್ಕಿದರೆ ಅಲ್ಲಿಗೆ ವ್ಯವಹಾರ ಮುಗಿಯಿತು. ಉತ್ತರ ಸಿಕ್ಕದಿದ್ದರೆ ಕೇಳಲು ಬೇರೆ ಬಾಗಿಲೇ ಇರಲಿಲ್ಲ. ಇಷ್ಟು ದೊಡ್ಡ ವಿಶ್ವಾಸವನ್ನು ವಂಶಪಾರಂಪರ್ಯವಾಗಿ ಒಂದು ಮನೆಗೆ ಒಪ್ಪಿಸಿದ್ದ ವ್ಯವಸ್ಥೆಯು ಸತ್ಪುರುಷನ ಕೈಯಲ್ಲಿ ಊರಿನ ಭಾಗ್ಯವಾಯಿತು. ಅಲ್ಲದವನ ಕೈಯಲ್ಲಿ ಊರಿನ ದೌರ್ಭಾಗ್ಯವಾಯಿತು.

ಸ್ಮೃತಿಯ ಸ್ಥಾನಕ್ಕೆ ಸಂಖ್ಯೆ ಬಂದುದು ಮೋಜಣಿಯಿಂದ. ಬೌರಿಂಗ್ ಸಾಹೇಬನು ಕಮಿಷನರನಾಗಿದ್ದಾಗ, 1863ರಲ್ಲಿ, ಮುಂಬಯಿ ಪ್ರಾಂತದ ಪದ್ಧತಿಯನ್ನನುಸರಿಸಿ ಮೈಸೂರು ಸಂಸ್ಥಾನದಲ್ಲಿ ಕಂದಾಯ ಮೋಜಣಿಯು ಆರಂಭವಾಗಿ, ಕ್ರಮೇಣ ತಾಲ್ಲೂಕು ತಾಲ್ಲೂಕುಗಳಿಗೆ ಹಬ್ಬಿತು. ಸರಪಳಿ ಹಿಡಿದು ಅಳೆದ ಪ್ರತಿಯೊಂದು ಭೂಭಾಗಕ್ಕೂ ಒಂದು ಸರ್ವೆ ನಂಬರು, ಅದಕ್ಕೊಂದು ಟಿಪ್ಪಣಿ ನಕ್ಷೆ, ಗ್ರಾಮದ ಎಲ್ಲ ನಂಬರುಗಳ ವಿಸ್ತೀರ್ಣ ಮತ್ತು ಶಿಸ್ತನ್ನು ತೋರಿಸುವ ಆಕಾರಬಂದು. ಇಂದು ನಮಗೆ ಇದು ಸಾಮಾನ್ಯವೆನಿಸಬಹುದು. ಆದರೆ “ಹುಣಿಸೆಮರದ ಹೊಲ”, “ಕುಂಟೆಯ ಕೆಳಗಿನ ಗದ್ದೆ” ಎಂದು ಕರೆಯಲ್ಪಡುತ್ತಿದ್ದ ಜಮೀನಿಗೆ, ಆ ಊರನ್ನು ಎಂದೂ ಕಾಣದ ಗುಮಾಸ್ತನೂ ಗುರುತಿಸಬಹುದಾದ ಒಂದು ಅಂಕಿ ದೊರೆಯಿತೆಂಬುದು ಸಾಧಾರಣ ಸಂಗತಿಯಲ್ಲ. ಒಂದು ಪುಸ್ತಕವು ಇನ್ನೊಂದನ್ನು ಹೆಸರಿಟ್ಟು ಕರೆಯುವುದಕ್ಕೆ ಸಾಧ್ಯವಾದುದೇ ಈ ಅಂಕಿಯಿಂದ. 1888ರ ಮೈಸೂರು ಲ್ಯಾಂಡ್ ರೆವಿನ್ಯೂ ಕೋಡು ಈ ಕಟ್ಟಡಕ್ಕೆ ಕಾನೂನಿನ ಮಾಡು ಹಾಕಿತು.

ಆ ಕೋಡು ಬಂದ ಕಾಲಕ್ಕೆ ಇದೇ ಸೀಮೆಯ ಮುದ್ದೇನಹಳ್ಳಿಯ ಒಬ್ಬ ತರುಣನು ಮುಂಬಯಿ ಪ್ರಾಂತದಲ್ಲಿ ಇಂಜಿನಿಯರನಾಗಿದ್ದನು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಕಟ್ಟಿಸಿದ್ದನ್ನೂ ಸ್ಥಾಪಿಸಿದ್ದನ್ನೂ ಎಲ್ಲರೂ ಬಲ್ಲರು. ಸರ್ಕಾರದ ಕಚೇರಿಗಳ ಕಾರ್ಯದಕ್ಷತೆಯ ತನಿಖೆಗಾಗಿ ಅವರು ಏರ್ಪಡಿಸಿದ ‘ಎಫಿಷಿಯನ್ಸಿ ಆಡಿಟ್’ ಎಂಬ ಕ್ರಮವನ್ನು ನೆನೆಯುವವರು ಕಡಿಮೆ. ಗುಮಾಸ್ತನ ಮೇಜಿನ ಮೇಲಿನ ಕಾಗದವು ಎಲ್ಲಿಂದ ಬಂದಿತು, ಎಷ್ಟು ದಿನ ನಿಂತಿತು, ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯನ್ನು ಅಣೆಕಟ್ಟಿನ ಪ್ರಶ್ನೆಯಷ್ಟೇ ಗೌರವದಿಂದ ಕಾಣಬೇಕೆಂಬ ಅವರ ಭಾವನೆಯು ನನಗೆ ಅತ್ಯಂತ ಪ್ರಿಯವಾದುದು. ನಿಂತ ಕಾಗದದ ಕೆಳಗೆ ಒಂದು ಸಂಸಾರವು ಸಿಕ್ಕಿಕೊಂಡಿರುತ್ತದೆ.

1927ರಲ್ಲಿ ಸಂಸ್ಥಾನವು ಹಕ್ಕುದಾಖಲೆಯ ಶಾಸನವನ್ನು ಮಾಡಿತು, ಮುಂದಿನ ವರ್ಷಗಳಲ್ಲಿ ಅದು ತಾಲ್ಲೂಕುಗಳಲ್ಲಿ ಜಾರಿಗೆ ಬಂದಂತೆ ಹುಟ್ಟಿದ ಎರಡು ವಹಿಗಳನ್ನು ಇಂದಿಗೂ ಹಳೆಯ ಮೈಸೂರಿನ ರೈತರು “ಐ.ಎಲ್., ಆರ್.ಆರ್.” ಎಂದೇ ಕರೆಯುತ್ತಾರೆ. ಇವುಗಳನ್ನು ಕೊಂಚ ಹತ್ತಿರದಿಂದ ನೋಡಬೇಕು. ಇಂಡೆಕ್ಸ್ ಆಫ್ ಲ್ಯಾಂಡ್ಸ್ ಎಂಬುದು ಸರ್ವೆ ನಂಬರಿನ ಅನುಕ್ರಮದಲ್ಲಿ ಬರೆದ ವಹಿ. ಒಂದು ನಂಬರಿನ ಎದುರಿಗೆ ಆ ಜಮೀನಿನ ಹಕ್ಕಿನ ವಿವರ ರೆಕಾರ್ಡ್ ಆಫ್ ರೈಟ್ಸ್ ಎಂಬ ಇನ್ನೊಂದು ವಹಿಯ, ಎಂದರೆ ಆರ್.ಆರ್.ನ, ಎಷ್ಟನೆಯ ನಮೂದಿನಲ್ಲಿದೆ ಎಂದು ಕಾಣಿಸಿರುತ್ತದೆ. ಆ ನಮೂದನ್ನು ತೆರೆದರೆ ಯಾರಿಗೆ, ಯಾವ ಬಗೆಯಿಂದ, ಎಷ್ಟು ವಿಸ್ತೀರ್ಣಕ್ಕೆ ಹಕ್ಕು ಬಂದಿತೆಂಬುದು ದೊರೆಯುತ್ತದೆ. ಜಮೀನು ಕೈಬದಲಾದಾಗ ಹಳೆಯ ನಮೂದನ್ನು ಅಳಿಸತಕ್ಕದ್ದಲ್ಲ. ಹೊಸ ನಮೂದನ್ನು ಬರೆದು, ಐ.ಎಲ್.ನಲ್ಲಿ ಹಳೆಯ ಅಂಕಿಯ ಪಕ್ಕದಲ್ಲಿ ಹೊಸ ಅಂಕಿಯನ್ನು ಏರಿಸತಕ್ಕದ್ದು. ಹೀಗೆ ಒಂದೇ ನಂಬರಿನ ಎದುರಿಗೆ ಬೇರೆ ಬೇರೆ ಶಾಯಿಯಲ್ಲಿ, ಬೇರೆ ಬೇರೆ ಕೈಬರಹದಲ್ಲಿ ಸಾಲುಗಟ್ಟಿದ ಅಂಕಿಗಳನ್ನು ನೋಡುತ್ತ ಹೋದರೆ, ತಾತನಿಂದ ಮೊಮ್ಮಗನವರೆಗಿನ ದಾರಿಯು ಕಾಣುವುದು. ಕಡತದ ಬಟ್ಟೆಯಲ್ಲಿ ಒರಸಿ ಹೋಗುತ್ತಿದ್ದುದು ಇಲ್ಲಿ ಉಳಿದುಕೊಂಡಿತು. ಎರಡು ವಹಿಗಳೂ ಪರಸ್ಪರ ಬೆರಳು ತೋರಿಸಿದಾಗ ಮಾತ್ರ ದಾಖಲೆಯು ಪೂರ್ಣ. ಒಂದರಲ್ಲಿ ಏರಿಸಿ ಇನ್ನೊಂದರಲ್ಲಿ ಮರೆತರೆ, ಬರೆದ ಹಕ್ಕೂ ಬರೆಯದ ಹಕ್ಕಿಗೆ ಸಮಾನವಾಗುತ್ತಿತ್ತು.

ಸ್ವಾತಂತ್ರ್ಯಾನಂತರ ಬದಲಾವಣೆಗಳು ಬೇಗ ಬೇಗನೆ ಬಂದುವು. ಗ್ರಾಮಾಧಿಕಾರಗಳ ರದ್ದಿಯಾತಿಗಾಗಿ 1961ರಲ್ಲಿ ಆದ ಕಾನೂನು 1963ರ ಫೆಬ್ರವರಿ 1ರಿಂದ ಆಚರಣೆಗೆ ಬಂದು, ಪಟೇಲ ಶಾನುಭೋಗರ ವಂಶಪಾರಂಪರ್ಯವು ಕೊನೆಗಂಡಿತು. ಅವರ ಸ್ಥಾನಕ್ಕೆ ಬಂದ ಗ್ರಾಮಲೆಕ್ಕಿಗನು ಸಂಬಳದ ನೌಕರ. ಪರೀಕ್ಷೆ ಮುಗಿಸಿ ಬಂದವನು, ವರ್ಗವಾಗಿ ಹೋಗತಕ್ಕವನು. ಸಮಾನತೆಯ ದೃಷ್ಟಿಯಿಂದ ಇದು ಆಗಲೇಬೇಕಾಗಿದ್ದ ಸುಧಾರಣೆಯೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಶಾನುಭೋಗನೊಡನೆ ಆತನ ಸ್ಮೃತಿಯೂ ಹೊರಟುಹೋಯಿತು. ಅಂದಿನಿಂದ ಪುಸ್ತಕಗಳ ನಡುವಣ ಸಂಬಂಧವು ಕೇವಲ ಕಾಗದದ ಸಂಚಾರವನ್ನು ಅವಲಂಬಿಸಿತು.

ಆ ಸಂಚಾರದ ಮಾರ್ಗವನ್ನು 1964ರ ಭೂಕಂದಾಯ ಅಧಿನಿಯಮದ 128 ಮತ್ತು 129ನೆಯ ಪ್ರಕರಣಗಳು ವಿಧಿಸಿದುವು. ಹಕ್ಕು ಪಡೆದವನು ವರದಿ ಕೊಡಬೇಕು. ಹಕ್ಕು ನೋಂದಾಯಿತ ಪತ್ರದಿಂದ ಬಂದಿದ್ದರೆ ನೋಂದಣಾಧಿಕಾರಿಯೇ ತಿಳಿಸಬೇಕು. ವರದಿ ಬಂದೊಡನೆ ಮ್ಯುಟೇಷನ್ ವಹಿಯಲ್ಲಿ ದಾಖಲಿಸಿ, ಚಾವಡಿಯಲ್ಲಿ ಪ್ರಕಟಿಸಿ, ದಾಖಲೆಗಳಿಂದ ಯಾರಾರು ಸಂಬಂಧಪಟ್ಟವರೆಂದು ತೋರುತ್ತದೆಯೋ ಅವರಿಗೆಲ್ಲ ಬರಹದ ತಿಳಿವಳಿಕೆ ಕೊಡಬೇಕು. ಯಾರಾದರೂ ಆಕ್ಷೇಪಿಸಿದರೆ ಅದನ್ನು ತಕರಾರು ವಹಿಗೆ ಸೇರಿಸಿ ವಿಚಾರಣೆ ನಡೆಸಬೇಕು. ಈ ವಿಧಾನದ ಸೊಗಸನ್ನು ಓದುಗರು ಗಮನಿಸಬೇಕೆಂದು ಬೇಡುತ್ತೇನೆ. ಒಂದು ಘಟನೆಯು ಸಂಭವಿಸಿದಾಗ ಅದರೊಡನೆ ತಳುಕಿಕೊಂಡ ಪ್ರತಿಯೊಂದು ದಾಖಲೆಗೂ, ಪ್ರತಿಯೊಬ್ಬ ಮನುಷ್ಯನಿಗೂ ಸುದ್ದಿ ಹೋಗಬೇಕೆಂಬ ತತ್ತ್ವವು ಇಲ್ಲಿ ಕಾನೂನಿನ ರೂಪ ಪಡೆದಿದೆ.

ತತ್ತ್ವವೇನೋ ಸರಿ, ಅದನ್ನು ಹೊತ್ತು ನಡೆಯಬೇಕಾಗಿದ್ದುದು ಮಾತ್ರ ಒಂದು ಕಾಗದದ ಚೂರು. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ತಾಲ್ಲೂಕು ಕಚೇರಿಗೆ ಹೋಗುತ್ತಿದ್ದ ‘ಜೆ ಫಾರಂ’ ಕಂತೆಯಾಗಿ ಕಟ್ಟಿ ಕಳಿಸಲ್ಪಟ್ಟು, ಟಪಾಲಿನಲ್ಲಿ ಸ್ವೀಕೃತವಾಗಿ, ಅಲ್ಲಿಂದ ನಾಡಕಚೇರಿಗೆ, ರೆವಿನ್ಯೂ ಇನ್ಸ್‌ಪೆಕ್ಟರರಿಗೆ, ಕೊನೆಗೆ ಗ್ರಾಮಲೆಕ್ಕಿಗನ ಚೀಲಕ್ಕೆ ಸೇರುವಷ್ಟರಲ್ಲಿ ಋತುಗಳೇ ಉರುಳುತ್ತಿದ್ದುವು. ಎರಡು ಕಚೇರಿಗಳೂ ಅನೇಕ ಕಡೆ ಒಂದೇ ಆವರಣದಲ್ಲಿದ್ದುವೆಂಬುದನ್ನು ನೆನೆದರೆ, ಅಷ್ಟು ಸಮೀಪದ ಅಷ್ಟು ದೂರವು ಮನಸ್ಸನ್ನು ನೋಯಿಸುತ್ತದೆ. ಈ ವಿಳಂಬದ ಎಡೆಯಲ್ಲಿಯೇ ಒಂದೇ ಜಮೀನು ಇಬ್ಬರಿಗೆ ಮಾರಾಟವಾಗುವುದಕ್ಕೆ ಅವಕಾಶವಿತ್ತು. ಪಹಣಿಯಲ್ಲಿ ಹಳೆಯ ಹೆಸರಿದ್ದುದನ್ನು ನಂಬಿ ಹಣ ತೆತ್ತವನ ತಪ್ಪೇನು?

1974ನೆಯ ವರ್ಷವು ಹೊರೆಯನ್ನು ಇಮ್ಮಡಿಸಿತು. ದೇವರಾಜ ಅರಸರ ಕಾಲದ ಭೂಸುಧಾರಣೆಯ ತಿದ್ದುಪಡಿಯು ಆ ಮಾರ್ಚ್ 1ರಿಂದ ಜಾರಿಗೆ ಬಂದು, ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಿದ ಗೇಣಿದಾರರ ಹಕ್ಕನ್ನು ಭೂನ್ಯಾಯಮಂಡಲಿಗಳು ತೀರ್ಮಾನಿಸತೊಡಗಿದಾಗ, ಪ್ರತಿಯೊಂದು ತೀರ್ಪೂ ಪಹಣಿಯ ಒಂಬತ್ತನೆಯ ಕಲಮಿನ ಹೆಸರನ್ನೂ ಹತ್ತನೆಯ ಕಲಮಿನ ಹಕ್ಕಿನ ಮೂಲವನ್ನೂ ಹನ್ನೆರಡನೆಯ ಕಲಮಿನ ಸಾಗುವಳಿದಾರನ ವಿವರವನ್ನೂ ಮುಟ್ಟಬೇಕಾಯಿತು. ಅದೇ ವರ್ಷದ ಕೃಷಿಸಾಲದ ಕಾನೂನು, ರೈತನು ಬ್ಯಾಂಕಿಗೆ ಘೋಷಣಾಪತ್ರವೊಂದನ್ನು ಬರೆದುಕೊಟ್ಟು ಜಮೀನಿನ ಮೇಲೆ ಋಣಭಾರವನ್ನು ಸೃಷ್ಟಿಸಬಹುದೆಂದಿತು. ಹಾಗಾಗಿ ಹನ್ನೊಂದನೆಯ ಕಲಮು ತುಂಬತೊಡಗಿತು. ಸಾಲ ಕೊಡುವಾಗ ಷರಾ ಹಾಕಿಸುವ ಆತುರವು ಬ್ಯಾಂಕಿಗಿರುತ್ತದೆ. ಸಾಲ ತೀರಿದಾಗ ಅದನ್ನು ತೆಗೆಸುವ ಆತುರ ಯಾರಿಗೆ? ರೈತನು ಬ್ಯಾಂಕಿನ ಋಣಮುಕ್ತ ಪತ್ರವನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟು ನಿಶ್ಚಿಂತನಾಗುತ್ತಿದ್ದನು. ಮಗಳ ಮದುವೆಗೆಂದು ಹೊಲ ಮಾರಹೊರಟ ದಿನ, ಎಂದೋ ತೀರಿದ ಸಾಲವು ಪಹಣಿಯಲ್ಲಿ ಜೀವಂತವಾಗಿರುವುದು ಗೊತ್ತಾಗುತ್ತಿತ್ತು.

ಇಂತಹ ಸ್ಥಿತಿಯಲ್ಲಿ, ಪಹಣಿಗಳನ್ನು ಗಣಕಕ್ಕೇರಿಸುವ ‘ಭೂಮಿ’ ಯೋಜನೆಯು ಬಂದಿತು. ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರದ ತಂತ್ರಾಂಶದೊಡನೆ, ಸುಮಾರು ಎರಡು ಕೋಟಿ ಪಹಣಿಗಳು ಗಣಕಕ್ಕೇರಿ, 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳಲ್ಲಿಯೂ ರೈತನು ಹದಿನೈದು ರೂಪಾಯಿ ತೆತ್ತು ಕಿಟಕಿಯಲ್ಲಿ ಪಹಣಿ ಪಡೆಯುವಂತಾಯಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಪಹಣಿ ಬೇಗ ದೊರೆಯಿತೆಂಬುದನ್ನೇ ಜನರು ಹೆಚ್ಚಾಗಿ ಕೊಂಡಾಡಿದರು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಗಂಭೀರವಾದ ಬದಲಾವಣೆಯು ಒಳಗೆ ನಡೆದಿತ್ತು. ಅರ್ಜಿಗೊಂದು ಸಂಖ್ಯೆ ಬಿದ್ದು, ಬಂದ ಅನುಕ್ರಮದಲ್ಲಿಯೇ ವಿಲೇವಾರಿಯಾಗಬೇಕೆಂಬ ನಿಯಮವಾಯಿತು. ನೋಟೀಸನ್ನು ಯಂತ್ರವೇ ಸಿದ್ಧಗೊಳಿಸಿತು. ದಾಖಲೆಯನ್ನು ತಿದ್ದುವ ಅಧಿಕಾರಿಯು ತನ್ನ ಬೆರಳಚ್ಚನ್ನು ಒತ್ತಿದಲ್ಲದೆ ಒಳಗೆ ಪ್ರವೇಶವಿಲ್ಲವೆಂದಾಯಿತು. ಯಾರು ಯಾವ ಷರಾ ಬರೆದರೆಂಬುದು ಅಳಿಸಲಾಗದ ಸಂಗತಿಯಾಯಿತು.

ಅದರ ಮುಂದಿನ ಹೆಜ್ಜೆಯೇ ಈ ಬರಹಕ್ಕೆ ಪ್ರೇರಣೆ. ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶವನ್ನು ‘ಭೂಮಿ’ಯೊಡನೆ ಜೋಡಿಸಿದಾಗ ಹಳೆಯ ಜೆ ಫಾರಮ್ಮಿನ ಪ್ರಯಾಣವು ನಿಂತುಹೋಯಿತು. ಚಿಂತಾಮಣಿಯ ನೋಂದಣಿ ಕಚೇರಿಯಲ್ಲಿ ಕ್ರಯಪತ್ರಕ್ಕೆ ಮೊಹರು ಬಿದ್ದೊಡನೆ, ಆ ಸರ್ವೆ ನಂಬರಿನ ದಾಖಲೆಗೆ ವಿದ್ಯುನ್ಮಾನದ ಜೆ ಸ್ಲಿಪ್ ತಾನಾಗಿಯೇ ಹೋಗಿ ಸೇರಿ, ಮ್ಯುಟೇಷನ್ನಿನ ಕಾರ್ಯವು ಯಾರೂ ಅರ್ಜಿ ಹಿಡಿದು ಓಡದೆಯೇ ಮೊದಲಾಗುತ್ತದೆ. ಜಮೀನಿನ ಒಂದು ಭಾಗವನ್ನಷ್ಟೇ ಮಾರುವುದಾದರೆ ಮೊದಲು ಸರ್ವೆ ಇಲಾಖೆಯ ‘ಮೋಜಿಣಿ’ ತಂತ್ರಾಂಶದಲ್ಲಿ ಹನ್ನೊಂದು-ಇ ಎಂಬ ನಕ್ಷೆಯಾಗಬೇಕು, ಆ ನಕ್ಷೆಯ ಸಂಗತಿಯು ನೋಂದಣಿಗೂ ಪಹಣಿಗೂ ತಿಳಿಯುತ್ತದೆ. ರೈತರ ನೋಂದಣಿಯ ‘ಫ್ರೂಟ್ಸ್’ ವ್ಯವಸ್ಥೆಯ ಮೂಲಕ ಬ್ಯಾಂಕು ತನ್ನ ಋಣಭಾರವನ್ನು ಕುಳಿತಲ್ಲಿಂದಲೇ ದಾಖಲಿಸುತ್ತದೆ. ಇತ್ತೀಚೆಗೆ, ನೋಟೀಸಿನ ಅಗತ್ಯವಿಲ್ಲದ ಕೆಲವು ಬಗೆಯ ಬದಲಾವಣೆಗಳು ಅಧಿಕಾರಿಯ ಕೈ ತಾಗದೆಯೇ ಪಹಣಿಗೆ ಏರುವಂತಾಗಿದೆ. 1927ರ ಗುಮಾಸ್ತನು ಐ.ಎಲ್.ನಿಂದ ಆರ್.ಆರ್.ಗೆ ಕಣ್ಣು ಹಾಯಿಸಿ ಮಾಡುತ್ತಿದ್ದ ಕೆಲಸವಿದು. ಕೈ ಮಾತ್ರ ಬೇರೆ.

ಇದೇ ನಾಲ್ಕು ಊರುಗಳ ತರುಣ ತರುಣಿಯರು ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಇಂದು ನಿರ್ವಹಿಸುತ್ತಿರುವುದೂ ಇದರ ಸಹೋದರ ವಿದ್ಯೆಯನ್ನೇ ಎಂಬುದು ನನಗೆ ಸಂತೋಷದ ವಿಷಯ. ಅಲ್ಲಿ ಪ್ರತಿಯೊಂದು ದೋಷಕ್ಕೂ ಕೋರಿಕೆಗೂ ಒಂದು ಟಿಕೆಟು. 1998ರಲ್ಲಿ ಹೊರಬಂದ ಬಗ್‌ಜಿಲ್ಲಾ, 2002ರ ಜಿರಾ ಮೊದಲಾದ ವ್ಯವಸ್ಥೆಗಳಲ್ಲಿ ಒಂದು ಟಿಕೆಟಿಗೆ ಇನ್ನೊಂದನ್ನು ಜೋಡಿಸಿ, ಇದು ಮುಗಿಯದೆ ಅದು ಸಾಗದು ಎಂದು ಗುರುತಿಸಬಹುದು. ಮೂಲದ ಟಿಕೆಟು ಮುಗಿದೊಡನೆ, ಅದಕ್ಕೆ ಜೋಡಿಸಿದ ಟಿಕೆಟುಗಳಲ್ಲೆಲ್ಲ “ಇಂಥದು ಪರಿಹಾರವಾಗಿದೆ” ಎಂಬ ಕಾಮೆಂಟು ತಾನಾಗಿ ಮೂಡುವಂತೆ ನಿಯಮ ಬರೆದಿಡುತ್ತಾರೆ. ಅದರ ಅಪಾಯಗಳನ್ನೂ ಅವರು ಬಲ್ಲರು. ಒಂದು ಕಾಮೆಂಟು ಇನ್ನೊಂದು ನಿಯಮವನ್ನು ಎಬ್ಬಿಸಿ, ಅದು ಮೊದಲಿನದನ್ನು ಮತ್ತೆ ಎಬ್ಬಿಸಿ, ಕೊನೆಯಿಲ್ಲದೆ ಸುತ್ತಬಹುದು. ಆದುದರಿಂದ ಒಂದು ನಿಯಮದ ಫಲವು ಮತ್ತೊಂದು ನಿಯಮವನ್ನು ಪ್ರಚೋದಿಸದಂತೆ ತಡೆ ಹಾಕಿರುತ್ತಾರೆ. ಅದಕ್ಕಿಂತ ಸೂಕ್ಷ್ಮವಾದ ಅಪಾಯ ಇನ್ನೊಂದಿದೆ: ಒಂದೇ ಅಚ್ಚಿನ ಷರಾಗಳು ನೂರಾರು ಬಂದು ಬಿದ್ದರೆ ಓದುವವನ ಕಣ್ಣು ಅವುಗಳ ಮೇಲೆ ಜಾರಿಹೋಗುತ್ತದೆ, ಬೇಕಾದ ಒಂದು ಷರಾ ಬೇಡದ ತೊಂಬತ್ತೊಂಬತ್ತರಲ್ಲಿ ಮುಳುಗುತ್ತದೆ.

ಪಹಣಿಯ ವಿಷಯದಲ್ಲಿಯೂ ನಾನು ಆಗ್ರಹಪೂರ್ವಕವಾಗಿ ಹೇಳಬೇಕೆಂದಿರುವುದು ಇಲ್ಲಿಯೇ ಇದೆ. ಸುದ್ದಿಯನ್ನು ಒಯ್ಯುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದುದು ಸರ್ವಥಾ ಯುಕ್ತ. ಅದನ್ನು ಮನುಷ್ಯನ ಮರೆವಿಗೂ ಮರ್ಜಿಗೂ ಬಿಟ್ಟಿದ್ದ ಕಾಲದ ದುಃಖವನ್ನು ಬಲ್ಲವರಾರೂ ಆ ಕಾಲವನ್ನು ಮರಳಿ ಬಯಸಲಾರರು. ಆದರೆ ಸುದ್ದಿಯನ್ನು ಒಯ್ಯುವುದು ಬೇರೆ, ಅದರ ಮೇಲೆ ತೀರ್ಮಾನ ಮಾಡುವುದು ಬೇರೆ. ಪೌತಿ ಖಾತೆಯನ್ನೇ ತೆಗೆದುಕೊಳ್ಳೋಣ. ಖಾತೆದಾರನು ತೀರಿಕೊಂಡನೆಂಬ ಸಂಗತಿಯನ್ನು ಜನನ-ಮರಣದ ವಹಿಯಿಂದ ಪಹಣಿಯ ದಾಖಲೆಗೆ ಯಂತ್ರವು ತಲುಪಿಸಬಲ್ಲದು, ತಲುಪಿಸಲಿ. ವಾರಸುದಾರರು ಯಾರು, ಗಂಡನ ಮನೆಗೆ ಹೋದ ಹೆಣ್ಣುಮಕ್ಕಳ ಹೆಸರು ವಂಶವೃಕ್ಷದಲ್ಲಿ ಬಂದಿದೆಯೇ ಎಂಬುದನ್ನು ಊರಿಗೆ ಹೋಗಿ, ಮನೆಯವರನ್ನು ಕಂಡು, ನೆರೆಹೊರೆಯವರನ್ನು ಕೇಳಿ ತಿಳಿಯಬೇಕು. ಶಿಡ್ಲಘಟ್ಟದ ಒಂದು ಹಳ್ಳಿಯಲ್ಲಿ ಹುಟ್ಟಿ ಹಿಂದೂಪುರದ ಕಡೆಗೆ ಮದುವೆಯಾಗಿ ಹೋದ ಮಗಳಿಗೆ, ಗಡಿಯಾಚೆಗೆ, ಚಾವಡಿಯ ಗೋಡೆಗೆ ಅಂಟಿಸಿದ ನೋಟೀಸು ಕಾಣುವುದಿಲ್ಲ. ನೋಟೀಸಿನ ಅವಧಿಯು ಹಿಂದೆ ಮೂವತ್ತು ದಿನಗಳಷ್ಟಿದ್ದುದು ಈಚೆಗೆ ಬಹಳ ಮೊಟಕಾಗಿರುವುದರಿಂದ ಈ ಚಿಂತೆಯು ಇನ್ನೂ ಹೆಚ್ಚುತ್ತದೆ. ತ್ವರೆಯು ಕೊಳ್ಳುವವನಿಗೆ ಉಪಕಾರ. ದೂರದಲ್ಲಿರುವ ಹಕ್ಕುದಾರಳಿಗೆ ಅದರಿಂದ ಅಪಕಾರವಾಗದಂತೆ ನೋಡಿಕೊಳ್ಳುವುದು ಸರ್ಕಾರದ ಧರ್ಮ.

ತಾನಾಗಿ ಬೀಳುವ ಪ್ರತಿಯೊಂದು ಷರಾವೂ ತನ್ನ ಮೂಲವನ್ನು ಹೇಳಬೇಕು: ಯಾವ ಕಚೇರಿ, ಯಾವ ಪತ್ರ, ಯಾವ ದಿನ. ಸರ್ಕಾರದ ಸೇವೆಗಳಿಗೆ ಕಾಲಮಿತಿ ವಿಧಿಸುವ ‘ಸಕಾಲ’ದ ಕಾನೂನು 2012ರಲ್ಲಿ ಆಚರಣೆಗೆ ಬಂದಾಗಿನಿಂದ ಅರ್ಜಿದಾರನ ಕೈಗೆ ಒಂದು ಸಂಖ್ಯೆ ಬಂದಿದೆ, ಅದರ ಗತಿಯನ್ನು ಆತನು ಮೊಬೈಲಿನಲ್ಲಿಯೇ ತಿಳಿಯಬಲ್ಲನು. ಆದರೆ ಅರ್ಜಿ ಹಾಕದೆಯೇ ತನ್ನ ಪಹಣಿಯಲ್ಲಿ ಬದಲಾವಣೆ ಕಂಡವನಿಗೆ ಇಂತಹ ಸಂಖ್ಯೆಯಿಲ್ಲ. ಮಾರಾಟವಾದುದು ಪಕ್ಕದ ಹಿಸ್ಸೆಯಾಗಿ, ಷರಾ ಬಿದ್ದುದು ತನ್ನ ಹಿಸ್ಸೆಗಾದರೆ, ಆ ತಪ್ಪು ಎಲ್ಲಿಂದ ಹೊರಟಿತೆಂದು ಹಿಂದಕ್ಕೆ ನಡೆದು ಹೋಗುವ ದಾರಿಯು ಆತನಿಗೂ ತೆರೆದಿರಬೇಕು, ಐ.ಎಲ್. ವಹಿಯ ಸಾಲುಗಟ್ಟಿದ ಅಂಕಿಗಳಲ್ಲಿ ಆ ದಾರಿಯಿತ್ತು.

ಆ ವಹಿಗಳ ಕೆಲಸ ಇನ್ನೂ ಮುಗಿದಿಲ್ಲ. ಗಣಕಕ್ಕೇರಿದುದು ಅಂದಿನ ಪಹಣಿ. ಅದರ ಹಿಂದಿನ ಮ್ಯುಟೇಷನ್ ವಹಿ, ಐ.ಎಲ್., ಆರ್.ಆರ್., ನ್ಯಾಯಮಂಡಲಿಯ ಕಡತಗಳು ತಾಲ್ಲೂಕು ಕಚೇರಿಯ ಅಭಿಲೇಖಾಲಯದ ಕೆಂಪು ಬಟ್ಟೆಯ ಗಂಟುಗಳಲ್ಲಿಯೇ ಉಳಿದಿದ್ದುವು. ‘ಭೂಸುರಕ್ಷಾ’ ಯೋಜನೆಯಲ್ಲಿ ಈಗ ಅವನ್ನು ಬಿಚ್ಚಿ, ಹಾಳೆ ಹಾಳೆಯಾಗಿ ಸ್ಕ್ಯಾನು ಮಾಡಲಾಗುತ್ತಿದೆ. ಚಿತ್ರವನ್ನು ಹಿಡಿಯುವುದು ಸುಲಭ. ಪ್ರತಿಯೊಂದು ಹಾಳೆಯೂ ಯಾವ ಗ್ರಾಮದ ಯಾವ ಸರ್ವೆ ನಂಬರಿಗೆ ಸೇರಿದುದೆಂದು ನಿರ್ಣಯಿಸಿ ಇಂದಿನ ದಾಖಲೆಗೆ ಜೋಡಿಸುವುದಕ್ಕೆ, ಹಳೆಯ ಗುಮಾಸ್ತರ ಕೂಡಕ್ಷರವನ್ನು ಓದಬಲ್ಲ, ಊರುಗಳ ಹಳೆಯ ಹೆಸರುಗಳನ್ನು ಬಲ್ಲ ಮನುಷ್ಯರು ಬೇಕು. ಅಂಥವರು ನಿವೃತ್ತರಾಗಿ ಮನೆಗಳಲ್ಲಿದ್ದಾರೆ. ಅವರನ್ನು ಹುಡುಕಿ ಕರೆಸಿ, ಹೊಸಬರ ಪಕ್ಕದಲ್ಲಿ ಕುಳ್ಳಿರಿಸಿ ಆ ಗಂಟುಗಳನ್ನು ಬಿಚ್ಚಿಸುವುದಕ್ಕೆ ಇನ್ನು ಹೆಚ್ಚು ವರ್ಷಗಳ ಅವಕಾಶವಿಲ್ಲ.